ಅಂತಿಯೋಕ್ಯದ ಊಟ

ಲಿಂಗಸುಗೂರು
೯ ಜೂನ್ ೨೦೨೪

ಗದ್ದೆಮ್ಮಾ,

‘ರೋಮಿನ ರಸ್ತೆಗಳನ್ನು ಹಾಸಿದ್ದು ದಂಡು ನಡೆಯಲಿ ಎಂದು, ಆದರೆ ಅವುಗಳ ಮೇಲೆ ದೂರ ನಡೆದದ್ದು…’ ಮುಂದೆ ಏನಿತ್ತು? ‘ಒಂದು ಸುದ್ದಿ’ ಎಂದಿತ್ತೇ, ‘ಒಂದು ನಂಬಿಕೆ’ ಎಂದಿತ್ತೇ? ಎರಡನ್ನೂ ಇಟ್ಟು ನೋಡಿದೆ, ಎರಡೂ ಸಪ್ಪೆ. ಕಲಬುರಗಿಯಲ್ಲಿ ಎಂ.ಎ. ಎರಡನೇ ವರ್ಷದಲ್ಲಿ ನಮ್ಮ ಮೇಷ್ಟ್ರು ಹೇಳಿದ ಮಾತು ಎಂದು ನೆನಪು. ಅವರು ಇಷ್ಟು ಚೆಂದ ಮಾತಾಡುವವರೇ ಎಂಬ ಅನುಮಾನವೂ ಇದೆ. ನಿನ್ನ ನೆನಪು ನನ್ನದಕ್ಕಿಂತ ಗಟ್ಟಿ, ಅದಕ್ಕೇ ಕೇಳುತ್ತಿದ್ದೇನೆ.

ಇಪ್ಪತ್ತೈದು ವರ್ಷಗಳ ಮೇಲೆ ಬರೆಯುವ ಪತ್ರ ಹೀಗೆ ಶುರುವಾಯಿತೆಂದು ನಗಬೇಡ. ಚುನಾವಣೆಯ ಕೆಲಸದಲ್ಲಿ ಸಿಕ್ಕ ನಮ್ಮ ಕ್ಲಾಸಿನ ನಂದಿನಿ, ನೀನು ವಳಕಮದಿನ್ನಿಯ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೀ ಎಂದಳು. ನಿನ್ನ ಫೋನ್ ನಂಬರನ್ನೂ ಕೊಟ್ಟಳು. ಫೋನಾದರೆ ನೀನು ಇಟ್ಟುಬಿಡಬಹುದು. ಪತ್ರವನ್ನು ಹರಿಯುವುದಕ್ಕಾದರೂ ಕೈಗೆ ತೆಗೆದುಕೊಳ್ಳಬೇಕು.

ನನ್ನ ಸಂಗತಿ ಚಿಕ್ಕದು. ಯಜಮಾನರು ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಇಲ್ಲಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮನೆಯ ಕೆಳಗೆ ನಾನು, ಮೇಲೆ ಒಂದು ಖಾಲಿ ಕೋಣೆ. ಈಗ ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ಒಂದು ಪಾಠ ಬರೆಯುತ್ತಿದ್ದೇನೆ: ಪ್ರಾಚೀನ ಜಗತ್ತಿನಲ್ಲಿ ಕ್ರೈಸ್ತಧರ್ಮ ಹರಡಿದ ಬಗೆ. ನೀನು ಈಗ ಆ ಧರ್ಮದವಳು ಎಂದೂ ನಂದಿನಿ ಹೇಳಿದಳು. ಪಾಠ ಓದಿ, ತಪ್ಪಿದ್ದರೆ ತಿದ್ದುತ್ತೀಯಾ?

ಉತ್ತರ ಬಂದೀತು ಎಂದುಕೊಂಡಿರುವ
ಮಹೇಶ್ವರಿ


ಸಿಂಧನೂರು
೨ ಜುಲೈ ೨೦೨೪

ಮಹೇಶ್ವರಿಯವರಿಗೆ ನಮಸ್ಕಾರ.

ಆ ಮಾತು ಮೇಷ್ಟ್ರದ್ದಲ್ಲ, ನನ್ನದು. ಸೆಮಿನಾರಿನಲ್ಲಿ ನಾನು ಓದಿದ ಪ್ರಬಂಧದ ಕೊನೆಯ ಸಾಲು. ‘ದೂರ ನಡೆದದ್ದು ಕೂಲಿಯವರ ಬುತ್ತಿ’ ಎಂದಿತ್ತು. ಮೇಷ್ಟ್ರು ಅದರ ಕೆಳಗೆ ಕೆಂಪು ಗೆರೆ ಎಳೆದು ‘ಆಧಾರವೇನು?’ ಎಂದು ಬರೆದಿದ್ದರು.

ಪಾಠ ಕಳಿಸಿ, ಓದುತ್ತೇನೆ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ತಂದವಳು ನನ್ನ ಮಗಳು ಮಮತಾ. ಲಿಂಗಸುಗೂರಿನ ಸರ್ವೆ ಆಫೀಸಿಗೆ ಭೂಮಾಪಕಿಯಾಗಿ ಹಾಕಿದ್ದಾರೆ. ಎಂಟು ದಿನದಿಂದ ಇಲ್ಲಿಂದಲೇ ಬಸ್ಸಿಗೆ ಓಡಾಡುತ್ತಿದ್ದಾಳೆ. ಮಸ್ಕಿ ದಾಟಿ ಹೋಗಿ ಬರುವುದರಲ್ಲಿ ಜೀವ ಸಾಕಾಗುತ್ತದೆ. ಅಲ್ಲಿ ಐದು ಮನೆ ಕೇಳಿದ್ದಾಳೆ. ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಅಪ್ಪನ ಹೆಸರು, ಆಮೇಲೆ ಊರು, ಆಮೇಲೆ ಊರಲ್ಲಿ ಮನೆ ಯಾವ ಕಡೆ ಎಂದು. ನಾಲ್ಕನೆಯ ಉತ್ತರ ಕೇಳಿದ ಮೇಲೆ ಕೋಣೆ ಬೇರೆ ಯಾರಿಗೋ ಮಾತಾಗಿಬಿಟ್ಟಿರುತ್ತದೆ.

ನಿಮ್ಮ ಕೋಣೆ ಖಾಲಿ ಇದೆ ಎಂದು ನೀವೇ ಬರೆದಿದ್ದೀರಿ. ಕೊಡಲು ಆಗದಿದ್ದರೆ ಅವಳಿಗೆ ನೇರವಾಗಿ ಹೇಳಿ, ನೆವ ಹೇಳಬೇಡಿ. ನೆವಗಳ ಪರಿಚಯ ಅವಳಿಗೆ ಚೆನ್ನಾಗಿದೆ.

ಗದ್ದೆಮ್ಮ, ಸಹಶಿಕ್ಷಕಿ


ಲಿಂಗಸುಗೂರು
೨೧ ಜುಲೈ ೨೦೨೪

ಗದ್ದೆಮ್ಮಾ,

ನಿನ್ನ ಸಾಲನ್ನು ಇಷ್ಟು ವರ್ಷ ಇನ್ನೊಬ್ಬರ ಹೆಸರಿನಲ್ಲಿ ಇಟ್ಟುಕೊಂಡಿದ್ದೆ.

ಮಮತಾ ಬಂದದ್ದು ಸಂಜೆ ಐದಕ್ಕೆ. ಬಾಗಿಲಲ್ಲೇ ನಿಂತು, ‘ನಮ್ಮವ್ವ ಚೀಟಿ ಕೊಟ್ಟಾಳ್ರಿ ಮೇಡಂ. ಹೂಂ ಅಂತೀರೋ ಊಹೂಂ ಅಂತೀರೋ ಲಗೂನ ಹೇಳಿಬಿಡ್ರಿ, ಐದೂವರಿ ಬಸ್ ಐತಿ’ ಎಂದಳು. ‘ಒಳಗ ಬಾರವಾ’ ಎಂದೆ. ‘ಮೊದಲ ಓದ್ರಿ’ ಎಂದಳು. ನಿಂತೇ ಓದಿದೆ. ಓದಿ ಮುಗಿಸಿ ಕೀಲಿಕೈ ತಂದು ಕೊಟ್ಟೆ. ಆಮೇಲೆಯೇ ಅವಳು ಚಪ್ಪಲಿ ಬಿಟ್ಟದ್ದು.

ಈಗ ರಾತ್ರಿ ಊಟ ಇಬ್ಬರದೂ ಕೆಳಗೇ. ನನ್ನನ್ನು ಆಂಟಿ ಎನ್ನುತ್ತಾಳೆ. ಮೊನ್ನೆ ಊಟದ ನಡುವೆ ಎದ್ದು ಟೇಪು ಹಿಡಿದು, ‘ಆಂಟಿ, ನಿಮ್ಮ ಅಡಗಿಮನಿ ಗ್ವಾಡಿ ಸೊಟ್ಟ ಐತಿ, ನಾಕು ಇಂಚು ಬಾಜೂದವರ ಜಾಗದಾಗ ಹೋಗೈತಿ. ನಾ ಯಾರಿಗೂ ಹೇಳಂಗಿಲ್ಲ, ಇನ್ನೊಂದು ರೊಟ್ಟಿ ಹಾಕ್ರಿ’ ಎಂದಳು.

ನೀನು ಅವಳ ಕೈಯಲ್ಲಿ ಪತ್ರ ಕೊಟ್ಟದ್ದರಿಂದ ನನ್ನ ಪಾಠಕ್ಕೆ ಒಂದು ದಾರಿ ಸಿಕ್ಕಿತು. ಆ ಕಾಲದಲ್ಲಿ ರೋಮಿನ ಸರ್ಕಾರಿ ಟಪಾಲು ಸಾಮಾನ್ಯರಿಗೆ ಸಿಗುತ್ತಿರಲಿಲ್ಲ. ಪತ್ರವನ್ನು ಯಾರಾದರೂ ಹೊತ್ತುಕೊಂಡೇ ಹೋಗಬೇಕು. ತಂದವರಿಗೆ ಜಾಗ ಕೊಡಿ ಎಂದು ಪತ್ರದಲ್ಲೇ ಬರೆದಿರುತ್ತಿತ್ತು. ಯೇಸುವಿನ ಸುದ್ದಿ ಸಾರಿದ ಪೌಲನ ಒಂದು ಪತ್ರವನ್ನು ರೋಮಿಗೆ ಒಯ್ದವಳು ಫೊಯಿಬೆ ಎಂಬ ಹೆಣ್ಣುಮಗಳು ಎನ್ನುತ್ತಾರೆ. ರಾಜನಾದರೆ ನಮ್ಮ ಮಸ್ಕಿಯ ಬಂಡೆಯ ಹಾಗೆ ಕಲ್ಲಿನಲ್ಲಿ ಕೊರೆಸಿಬಿಡುತ್ತಿದ್ದ. ಇವರ ಹತ್ತಿರ ಕಲ್ಲೂ ಇರಲಿಲ್ಲ, ಕೊರೆಯುವವರೂ ಇರಲಿಲ್ಲ. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಮನುಷ್ಯರಿದ್ದರು, ಅವರಿಗೆ ಬಾಗಿಲು ತೆರೆಯುವ ಮನೆಗಳಿದ್ದವು.

ಮೊದಲ ಆರು ಪುಟ ಕಳಿಸಿದ್ದೇನೆ.

ನಿನ್ನ
ಮಹೇಶ್ವರಿ


ಸಿಂಧನೂರು
೨೫ ಆಗಸ್ಟ್ ೨೦೨೪

ಮಹೇಶ್ವರಿಯವರಿಗೆ,

ಮಗಳಿಗೆ ಜಾಗ ಕೊಟ್ಟಿರಿ. ನೆನಪಿಟ್ಟಿರುತ್ತೇನೆ.

ಆರು ಪುಟ ಓದಿದೆ. ಮೂರನೆಯ ಪುಟದಲ್ಲೇ ಕ್ರೈಸ್ತನಾದ ಚಕ್ರವರ್ತಿಯನ್ನು ಕರೆತಂದಿದ್ದೀರಿ. ಅವನು ಬಂದದ್ದು ಮುನ್ನೂರು ವರ್ಷಗಳ ಮೇಲೆ. ಅಲ್ಲಿಯ ತನಕ ಯಾರ ಮನೆಯಲ್ಲಿ ಸೇರುತ್ತಿದ್ದರು, ಅಡುಗೆ ಯಾರು ಮಾಡುತ್ತಿದ್ದರು ಎಂದು ಬರೆಯಿರಿ.

ನಾನು ಈ ಧರ್ಮಕ್ಕೆ ಯಾಕೆ ಸೇರಿದೆ ಎಂದು ನೀವು ಕೇಳಿಲ್ಲ. ಕೇಳಬೇಕೆಂದು ಇರುತ್ತದೆ. ೨೦೦೯ರಲ್ಲಿ ನನ್ನ ಗಂಡ ಆದೆಪ್ಪ ಐದು ತಿಂಗಳು ಹಾಸಿಗೆ ಹಿಡಿದಿದ್ದರು. ಕ್ಷಯ ಎಂದು ತಿಳಿದ ಮೇಲೆ ನಮ್ಮವರೇ ಬರುವುದು ಬಿಟ್ಟರು. ಕಾಲುವೆ ಕ್ಯಾಂಪಿನ ಪ್ರಾರ್ಥನೆ ಮನೆಯಿಂದ ಮೂರು ಹೆಂಗಸರು ಬಂದರು. ಕಾಲುವೆ ನೀರಿಗೆಂದು ಬಂದು ನೆಲೆಸಿದ ತೆಲುಗಿನವರು, ಅರ್ಧ ಮಾತು ನಮಗೆ ತಿಳಿಯುತ್ತಿರಲಿಲ್ಲ. ಅವರು ಇವರ ಮೈ ಒರೆಸಿದರು, ಗಂಜಿ ಕುಡಿಸಿದರು, ನಮ್ಮ ಮನೆಯಲ್ಲೇ ಕೂತು ಉಂಡು ಹೋದರು. ಅವರ ದೇವರ ಬಗ್ಗೆ ನಾನು ಕೇಳಿದ್ದು ಇವರು ತೀರಿಕೊಂಡ ಮೇಲೆ. ರೋಮಿನಲ್ಲಿ ಪಿಡುಗು ಬಂದಾಗಲೂ ಬಿಟ್ಟು ಓಡದೆ ಕೂತವರನ್ನು ಕಂಡು ಜನ ಸೇರಿದರು ಎಂದು ನೀವು ಐದನೆಯ ಪುಟದಲ್ಲಿ ಬರೆದಿದ್ದೀರಿ. ಅದು ಸರಿ ಇದೆ, ತಿದ್ದಬೇಡಿ.

ನಮ್ಮನ್ನು ದೇವತೆಗಳನ್ನಾಗಿ ಮಾತ್ರ ಮಾಡಬೇಡಿ. ಅದೇ ಪ್ರಾರ್ಥನೆ ಮನೆಯಲ್ಲಿ ಮೊದಲ ವರ್ಷ ಎರಡು ಚಾಪೆ ಇದ್ದವು. ಮುಂದಿನದು ಕ್ಯಾಂಪಿನವರಿಗೆ, ಹಿಂದಿನದು ನಮಗೆ. ಹಾಸಿದ್ದು ಯಾರು ಎಂದರೆ ಯಾರೂ ಅಲ್ಲ. ಪೌಲನ ಕಾಲದ ಕೊರಿಂಥದ ಸಭೆಯಲ್ಲೂ ಉಳ್ಳವರು ಮೊದಲೇ ಬಂದು ಉಂಡುಬಿಡುತ್ತಿದ್ದರು, ಕೆಲಸ ಮುಗಿಸಿ ಬಂದವರಿಗೆ ಪಾತ್ರೆ ಖಾಲಿ. ಒಂದು ಭಾನುವಾರ ನಾನು ನಾಟಿ ಹಚ್ಚಿ ಬಂದ ನಾಲ್ಕು ಹೆಂಗಸರನ್ನು ಕರೆದುಕೊಂಡು, ಕೆಸರುಗಾಲಲ್ಲೇ ಹೋಗಿ ಮುಂದಿನ ಚಾಪೆಯಲ್ಲಿ ಕೂತೆ. ಪಾಸ್ಟರು ಕೆಮ್ಮಿದರು. ನಾನೂ ಕೆಮ್ಮಿದೆ. ಈಗ ಒಂದೇ ಚಾಪೆ.

ಗದ್ದೆಮ್ಮ


ಲಿಂಗಸುಗೂರು
೧೭ ನವೆಂಬರ್ ೨೦೨೪

ಗದ್ದೆಮ್ಮಾ,

ಬಹಳ ದಿನ ಬರೆಯಲಿಲ್ಲ. ಪಾಠ ಮುಗಿಯಿತು, ಜೊತೆಗಿದೆ. ಹದಿನಾಲ್ಕು ಪುಟ. ನೀನು ಹೇಳಿದ ಹಾಗೆ ಚಕ್ರವರ್ತಿಯನ್ನು ಕೊನೆಯ ಪುಟಕ್ಕೆ ಕಳಿಸಿದ್ದೇನೆ. ಬಂದರುಗಳು, ನೇಕಾರರು, ಗುಲಾಮರು, ತಮ್ಮ ಮನೆಯನ್ನೇ ಸಭೆಗೆ ಬಿಟ್ಟುಕೊಟ್ಟ ವಿಧವೆಯರು, ಎಲ್ಲರೂ ಬಂದಿದ್ದಾರೆ. ಅಂತಿಯೋಕ್ಯ ಪಟ್ಟಣವನ್ನು ಎರಡು ಸಾಲಿನಲ್ಲಿ ಮುಗಿಸಬೇಕಾಯಿತು. ಪುಟಗಳ ಮಿತಿ ಇತ್ತು.

ಕಳೆದ ವಾರ ಅಪ್ಪನ ಪುಣ್ಯಸ್ಮರಣೆ. ಮಸ್ಕಿಯಿಂದ ಅಣ್ಣ ದೊಡ್ಡಬಸಪ್ಪ, ಅವನ ಹೆಂಡತಿ ಶೇಖರಮ್ಮ ವೈನಿ, ಮಠದ ಅಯ್ಯನವರು, ಬೀಗರು, ಎಲ್ಲ ಸೇರಿ ಮೂವತ್ತು ಮಂದಿ. ಅಣ್ಣನಿಗೆ ಮಸ್ಕಿಯ ಬಜಾರಿನಲ್ಲಿ ಕಾಳಿನ ಅಂಗಡಿ, ಅವನ ಹಿಂದೆ ನಾಲ್ಕು ಜನ ಇದ್ದೇ ಇರುತ್ತಾರೆ. ಮಮತಾ ಬೆಳಿಗ್ಗೆಯೇ ಇಳಿದು ಬಂದು ಹೋಳಿಗೆಗೆ ಹೂರಣ ರುಬ್ಬಿಕೊಟ್ಟಳು. ಊಟದ ಹೊತ್ತಿಗೆ ಬಹಳ ಗದ್ದಲ. ಅವಳಿಗೆ ಮುಜುಗರ ಆಗಬಾರದೆಂದು ಕ್ಯಾರಿಯರ್‌ನಲ್ಲಿ ಹಾಕಿ, ಮೇಲೆಯೇ ಆರಾಮಾಗಿ ಉಣ್ಣು ಎಂದು ಕೊಟ್ಟೆ. ಸಂಜೆ ಕ್ಯಾರಿಯರ್ ತೊಳೆದು ಒರೆಸಿ ಮೆಟ್ಟಿಲ ಮೇಲೆ ಇಟ್ಟಿದ್ದಳು.

ಅವಳಿಗೆ ಈಗ ಕೆಲಸ ಜಾಸ್ತಿಯಂತೆ. ಬಸ್‌ಸ್ಟ್ಯಾಂಡ್ ಹತ್ತಿರದ ಮೆಸ್ಸಿನಲ್ಲಿ ಊಟ ಮಾಡಿ ಬರುತ್ತಾಳೆ. ನಿನ್ನೆ ಮೆಟ್ಟಿಲಲ್ಲಿ ಸಿಕ್ಕಾಗ ‘ಹೋಗಿ ಬರ್ತೀನ್ರಿ ಮೇಡಂ’ ಎಂದಳು.

ಪಾಠ ಹೇಗಿದೆ, ತಿಳಿಸು.

ಮಹೇಶ್ವರಿ


ಸಿಂಧನೂರು
೮ ಡಿಸೆಂಬರ್ ೨೦೨೪

ಮಹೇಶ್ವರಿ,

ಹದಿನಾಲ್ಕು ಪುಟಗಳನ್ನೂ ಎರಡು ಸಲ ಓದಿದೆ. ಅಂತಿಯೋಕ್ಯದಲ್ಲಿ ಏನಾಯಿತು ಎಂದು ನಿನಗೆ ಗೊತ್ತು. ನಿನ್ನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಅದಕ್ಕೆ ನಾನೇ ಬರೆಯುತ್ತೇನೆ, ಬೇಕಾದರೆ ನಕಲು ಮಾಡಿಕೋ.

ಯೆಹೂದ್ಯರಾಗಿ ಹುಟ್ಟಿ ಯೇಸುವನ್ನು ನಂಬಿದವರು, ಅನ್ಯಜನರಾಗಿ ಹುಟ್ಟಿ ನಂಬಿದವರು, ಎರಡೂ ಕಡೆಯವರು ಆ ಊರಿನಲ್ಲಿ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಯೆಹೂದ್ಯರ ಮಡಿಗೆ ಅದು ಸಣ್ಣ ಸಂಗತಿಯಲ್ಲ. ಪೇತ್ರನೂ ಅವರ ಜೊತೆ ಕೂತು ಉಂಡ. ಯೇಸುವಿನ ಹಿಂದೆ ಊರೂರು ತಿರುಗಿದ ಹಿರಿಯ ಶಿಷ್ಯ ಅವನು. ಅಷ್ಟರಲ್ಲಿ ಯೆರೂಸಲೇಮಿನಿಂದ ಅವನ ಕಡೆಯವರು ಕೆಲವರು ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದ. ಯಾರನ್ನೂ ಬೈಯಲಿಲ್ಲ, ಯಾರಿಗೂ ಏಳು ಎನ್ನಲಿಲ್ಲ. ತಾನು ಎದ್ದ, ಅಷ್ಟೆ. ಅವನನ್ನು ನೋಡಿ ಉಳಿದವರೂ ಎದ್ದರು. ಪೌಲ ಎಲ್ಲರ ಎದುರಿಗೆ ಅವನ ಮುಖಕ್ಕೇ ಕೇಳಿದ. ಈ ಹೊಸ ಧರ್ಮ ಒಂದೇ ಕುಲದವರ ಒಳಗಿನ ಪಂಥವಾಗಿ ಉಳಿಯುತ್ತದೋ ಹೊರಗೆ ಹೋಗುತ್ತದೋ ಎಂಬುದು ಅವತ್ತು ಆ ಊಟದಲ್ಲಿತ್ತು. ಅದನ್ನು ಬಿಟ್ಟು ನೀನು ಬಂದರುಗಳ ಪಟ್ಟಿ ಕೊಟ್ಟಿದ್ದೀ. ಒಂದೇ ಪಂಕ್ತಿ ಎಂದು ಹೇಳಿದ ಶರಣರ ಮನೆತನದವಳು ನೀನು, ನಿನಗೆ ಇದು ನನಗಿಂತ ಮೊದಲು ತಿಳಿಯಬೇಕಿತ್ತು.

ಫೆಬ್ರವರಿ ೧೯೯೯. ಕಲಬುರಗಿಯಲ್ಲಿ ನಮ್ಮ ಬಾಡಿಗೆ ಕೋಣೆ. ಒಂದೇ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ. ನಿಮ್ಮಪ್ಪ ಹೇಳದೆ ಬಂದರು. ನೀನು ಎದ್ದು ಕೈ ತೊಳೆದೆ. ‘ಇಕಿ ಯಾರವಾ?’ ಎಂದು ಅವರು ಕೇಳಿದರು. ‘ಬಾಜೂ ಕೋಣ್ಯಾಕಿ’ ಎಂದೆ ನೀನು. ನಾನು ಆ ತಾಟು ಎತ್ತಿಕೊಂಡು ಬಾಜೂ ಕೋಣೆಗೆ ಹೋದೆ. ಅಲ್ಲಿದ್ದ ಹುಡುಗಿಯರು ‘ಯಾಕ?’ ಎಂದರು. ನಿಮ್ಮಪ್ಪ ಹೋಗುವ ತನಕ ತಾಟು ಹಿಡಿದು ನಿಂತಿದ್ದೆ. ಮರುದಿನ ಕೋಣೆ ಬಿಟ್ಟೆ. ನೀನು ಕಾರಣ ಕೇಳಲಿಲ್ಲ.

ಮಮತಾ ನನಗೆ ಏನೂ ಹೇಳಿಲ್ಲ. ಕ್ಯಾರಿಯರ್ ವಿಷಯ ಬರೆದವಳು ನೀನೇ. ಹೂರಣ ರುಬ್ಬಿದ ಕೈಗೆ ಮುಜುಗರ ಯಾಕೆ ಆಗುತ್ತಿತ್ತು ಎಂದು ಮಾತ್ರ ಬರೆಯಲಿಲ್ಲ. ಜನವರಿ ಮುಗಿದ ಮೇಲೆ ಕೋಣೆ ಬಿಡು ಎಂದು ಅವಳಿಗೆ ಹೇಳಿದ್ದೇನೆ. ನನ್ನ ಹಾಗೆ ಒಂದು ರಾತ್ರಿಯಲ್ಲಿ ಬಿಡುವುದು ಬೇಡ, ಬೇರೆ ಜಾಗ ನೋಡಿಕೊಂಡು ಬಿಡಲಿ. ಅವಳು ಬಿಟ್ಟ ದಿನ ನಮ್ಮಿಬ್ಬರ ಪತ್ರವೂ ನಿಲ್ಲುತ್ತದೆ. ಈ ಸಲ ಕಾರಣ ಹೇಳಿ ಹೋಗುತ್ತಿದ್ದೇನೆ.

ಗದ್ದೆಮ್ಮ


ಲಿಂಗಸುಗೂರು
೧೭ ಡಿಸೆಂಬರ್ ೨೦೨೪

ಗದ್ದೆಮ್ಮಾ,

ಒಂದು ವಾರ ನಿನ್ನ ಪತ್ರ ಮೇಜಿನ ಮೇಲಿತ್ತು. ನೀನು ಬರೆದದ್ದರಲ್ಲಿ ತಿದ್ದುವುದು ಏನೂ ಇಲ್ಲ. ಸೇರಿಸುವುದು ಒಂದಿದೆ.

ಅಪ್ಪನ ದಿನ ಪಂಕ್ತಿ ನಡೆದಾಗ ಅಣ್ಣ ಕೇಳಿದ: ‘ಮ್ಯಾಲ ಯಾರ ಅದಾರ?’ ನಾನು, ‘ಯಾರೋ ಸರ್ವೆ ಆಫೀಸಿನಾಕಿ, ಬಾಡಿಗಿಗೆ ಅದಾಳ’ ಎಂದೆ. ಮೆಟ್ಟಿಲ ಬಾಗಿಲು ತೆರೆದೇ ಇತ್ತು. ಮಮತಾಗೆ ಕೇಳಿಸಿರಬೇಕು.

ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಎನ್ನುವುದು ನಿಜ. ೧೯೯೯ರಲ್ಲೂ ಅದು ನಿಜವೇ ಆಗಿತ್ತು. ಅದರಿಂದ ಏನು ಉಪಯೋಗವಾಯಿತು ಎಂದು ಯೋಚಿಸುತ್ತಿದ್ದೇನೆ.

೨೯ರ ಭಾನುವಾರ ಸಿಂಧನೂರಿಗೆ ಬರಲೇ? ಎದುರಿಗೆ ಕೂತು ತಪ್ಪಾಯಿತು ಎನ್ನಬೇಕು.

ಮಹೇಶ್ವರಿ


ಸಿಂಧನೂರು
೨೨ ಡಿಸೆಂಬರ್ ೨೦೨೪

ಮಾಯಿ,

ಕಲಬುರಗಿಯ ರೂಢಿಯಿಂದ ನಿನ್ನ ಮನೆಯ ಹೆಸರು ಬಂತು, ಇರಲಿ.

ಸಿಂಧನೂರಿಗೆ ಬರಬೇಡ. ನನ್ನ ಮುಂದೆ ಅಳುವುದು ಸುಲಭ, ನಾನೂ ಅತ್ತುಬಿಡುತ್ತೇನೆ, ಇಬ್ಬರೂ ಚಹಾ ಕುಡಿದು ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ನೀನು ಸುಳ್ಳು ಹೇಳಿದ್ದು ನನಗಲ್ಲ. ಯಾರಿಗೆ ಹೇಳಿದೆಯೋ ಅವರು ಮಸ್ಕಿಯಲ್ಲಿದ್ದಾರೆ.

ಪಾಠದಲ್ಲಿ ಅಂತಿಯೋಕ್ಯಕ್ಕೆ ಒಂದು ಪೂರ್ತಿ ಪುಟ ಕೊಡು.

ಗದ್ದೆಮ್ಮ


ಲಿಂಗಸುಗೂರು
೧೨ ಜನವರಿ ೨೦೨೫, ಭಾನುವಾರ

ಗದ್ದೆಮ್ಮಾ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬುಧವಾರ ಅಣ್ಣನಿಗೆ ಫೋನ್ ಮಾಡಿ ಭಾನುವಾರ ಊಟಕ್ಕೆ ಕರೆದೆ. ‘ಮಮತಾನೂ ನಮ್ಮ ಸಂಗಟ ಪಡಸಾಲ್ಯಾಗ ಕುಂದ್ರತಾಳ’ ಎಂದೆ. ಯಾವ ಮಮತಾ ಎಂದ. ಮೇಲಿನ ಕೋಣೆಯವಳು ಎಂದೆ. ಯಾರ ಪೈಕಿ ಎಂದ. ಅದನ್ನೂ ಹೇಳಿದೆ.

‘ಮಾಯಿ, ನಿನಗ ತಲಿ ನೆಟ್ಟಗೈತೇನು? ಅಪ್ಪ ಇದ್ದಿದ್ರ ಏನಂತಿದ್ದ?’

‘ಅಪ್ಪ ಇದ್ದಾಗ ನಾ ಸುಳ್ಳು ಹೇಳೀನಿ ಅಣ್ಣಾ. ನಿನಗೂ ಹೇಳೀನಿ. ಈಗ ಖರೇ ಹೇಳಾಕತ್ತೀನಿ. ಬಂದ್ರ ಬಾ, ಇಲ್ಲಂದ್ರ ಇಲ್ಲ.’

ನಲವತ್ತೆಂಟು ವಯಸ್ಸಿನಲ್ಲಿ ಅಣ್ಣನಿಗೆ ಮೊದಲ ಸಲ ಹೀಗೆ ಮಾತಾಡಿದ್ದು.

ಮಮತಾಳನ್ನು ಕರೆಯುವುದು ಅದಕ್ಕಿಂತ ಕಷ್ಟವಾಯಿತು. ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು. ‘ಈ ಸಲ ಕ್ಯಾರಿಯರ್ ಬ್ಯಾಡ್ರಿ ಮೇಡಂ’ ಎಂದಳು. ‘ಕ್ಯಾರಿಯರ್ ಇಲ್ಲವಾ, ತಾಟು’ ಎಂದೆ. ‘ಅವರು ಎದ್ದು ಹ್ವಾದ್ರ?’ ‘ಹೋಗಲಿ. ನಾ ಏಳಂಗಿಲ್ಲ.’ ‘ನೋಡೂಣ್ರಿ’ ಎಂದು ಮೇಲೆ ಹೋದಳು. ಬರುತ್ತೇನೆ ಎನ್ನಲಿಲ್ಲ.

ಇವತ್ತು ಹನ್ನೆರಡೂವರೆಗೆ ಇಳಿದು ಬಂದಳು. ಪಡಸಾಲೆಯಲ್ಲಿ ನಾಲ್ಕು ತಾಟು ಇಟ್ಟಿದ್ದೆ. ಇಬ್ಬರೂ ಕೂತು ಮೊದಲ ತುತ್ತು ತೆಗೆಯುವಾಗ ಹೊರಗೆ ಕಾರು ನಿಂತಿತು. ಅಣ್ಣ ಬಾಗಿಲಲ್ಲಿ ಬಂದು ನಿಂತ, ಹಿಂದೆ ವೈನಿ. ನಾನು ಕೂತಲ್ಲಿಂದಲೇ ಹೇಳಿದೆ: ‘ಅಣ್ಣಾ, ಇಕಿ ಮಮತಾ. ಗದ್ದೆಮ್ಮನ ಮಗಳು. ಗದ್ದೆಮ್ಮ ಕಲಬುರಗ್ಯಾಗ ಎರಡು ವರ್ಷ ನನ್ನ ಸಂಗಟ ಒಂದೇ ಕೋಣ್ಯಾಗ ಇದ್ದಾಕಿ. ಒಂದೇ ತಾಟಿನ್ಯಾಗ ಉಂಡೀವಿ. ಅಪ್ಪಗ ನಾ ಬ್ಯಾರೆ ಹೇಳಿದ್ದೆ.’

ಅಣ್ಣ ಮಮತಾಳನ್ನು ನೋಡಲಿಲ್ಲ. ‘ನನಗ ಹಸಿವಿಲ್ಲ’ ಎಂದು ತಿರುಗಿ ಹೋಗಿ ಕಾರಿನಲ್ಲಿ ಕೂತ.

ಇದನ್ನು ಮುಚ್ಚಿಡುವುದಿಲ್ಲ ಗದ್ದೆಮ್ಮಾ. ಅವನ ಹಿಂದೆ ಹೋಗಲು ನನ್ನ ಮೈ ಅರ್ಧ ಎದ್ದಿತ್ತು. ಕೈ ನೆಲಕ್ಕೆ ಊರಿದ್ದೆ. ಮಮತಾ ನನ್ನತ್ತ ನೋಡುತ್ತಿರಲಿಲ್ಲ, ತನ್ನ ತಾಟು ನೋಡುತ್ತಿದ್ದಳು. ಮತ್ತೆ ಕೂತೆ. ರೊಟ್ಟಿ ಮುರಿದೆ.

ವೈನಿ ಹೊಸ್ತಿಲ ಮೇಲೆ ನಿಂತು ಒಮ್ಮೆ ಕಾರಿನ ಕಡೆ, ಒಮ್ಮೆ ನಮ್ಮ ಕಡೆ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ‘ಮಸ್ಕಿಯಿಂದ ಹಸಗೊಂಡು ಬಂದೀನಿ ನಾ. ಅವರಿಗೆ ಹಸಿವಿಲ್ಲಂದ್ರ ನಾನೂ ಉಪಾಸ ಇರಬೇಕೇನು? ಒಂಚೂರು ಸರಿಯವಾ ಸರ್ವೇದಾಕಿ, ಕುಂದ್ರಾಕ ಜಾಗ ಅಳದು ಕೊಡು’ ಎಂದರು. ಮಮತಾ ಪಕ್ಕನೆ ನಕ್ಕಳು. ಬದನೆಕಾಯಿ ಪಲ್ಯವನ್ನು ವೈನಿಯ ತಾಟಿಗೆ ಬಡಿಸಿದವಳೂ ಅವಳೇ. ‘ಉಪ್ಪು ಕಡಿಮಿ ಆಗೈತಿ’ ಎಂದರು ವೈನಿ. ‘ಅದು ಆಂಟಿ ಮಾಡಿದ್ರಿ, ನಾ ಅಲ್ಲ’ ಎಂದಳು ಮಮತಾ.

ಕೋಣೆ ಬಿಡುವ ಮಾತು ಅವಳು ಎತ್ತಲಿಲ್ಲ. ನಾನು ಕೇಳಲಿಲ್ಲ. ಅಣ್ಣ ಇನ್ನು ಮುಂದೆ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಅಂತಿಯೋಕ್ಯದ ಪುಟ ಬರೆದು ಕಳಿಸಿದ್ದೇನೆ, ಪುಟ ಹೆಚ್ಚಾದರೆ ದೂರಶಿಕ್ಷಣದವರು ಬೇರೆ ಯಾವುದನ್ನಾದರೂ ತೆಗೆಯಲಿ.

ನಿನ್ನ ಗೆಳತಿ
ಮಹೇಶ್ವರಿ

ಸಹಿ ಹಾಕಿದ ಮೇಲೆ ನೆನಪಾಯಿತು, ಒಂದು ಬಿಟ್ಟುಹೋಗಿದೆ. ನಾವು ಇನ್ನೂ ಉಣ್ಣುತ್ತಿರುವಾಗ ಎದುರು ಮನೆಯ ನಾಹಿದಾ ಹೆಪ್ಪಿಗೆ ಮಜ್ಜಿಗೆ ಕೇಳಲು ಬಟ್ಟಲು ಹಿಡಿದು ಬಂದಳು. ಅವಳಿಗೆ ಹಿಂದಿನದು ಮುಂದಿನದು ಏನೂ ತಿಳಿಯದು. ಬಾಗಿಲಲ್ಲಿ ನಿಂತು ನಮ್ಮ ಮೂವರನ್ನೂ ನೋಡಿದಳು, ತಿರುಗಿ ಬಿಸಿಲಲ್ಲಿದ್ದ ಕಾರನ್ನು ನೋಡಿದಳು. ‘ಅಲ್ಲಕ್ಕಾ, ನೀವೆಲ್ಲಾ ಇಲ್ಲಿ ಕುಂತು ಉಣ್ಣಾಕತ್ತೀರಿ. ನಿಮ್ಮಣ್ಣಾರನ್ನ ಯಾರು ಹೊರಗ ಹಾಕ್ಯಾರ?’ ಎಂದಳು.